ಕೊಪ್ಪಳ ಜಿಲ್ಲೆಯಲ್ಲಿ ಡಿಜಿಟಲ್ ಗ್ರಂಥಾಲಯ ಸೇವೆ

ಕೊಪ್ಪಳ ಜಿಲ್ಲೆಯಲ್ಲಿ ಡಿಜಿಟಲ್ ಗ್ರಂಥಾಲಯ ಸೇವೆ ಎಂಬುದು ಸಾರ್ವಜನಿಕ ಗ್ರಂಥಾಲಯಗಳು ಮತ್ತು ಸರ್ಕಾರಿ ಜಾಲತಾಣಗಳ ಮೂಲಕ ಜಿಲ್ಲೆಯ ಓದುಗರಿಗೆ ಇ-ಪುಸ್ತಕ, ಆಡಿಯೊ ಪುಸ್ತಕ, ಪಠ್ಯಪುಸ್ತಕ ಹಾಗೂ ವಿಡಿಯೊ ಪಾಠಗಳನ್ನು ಶುಲ್ಕವಿಲ್ಲದೆ ಒದಗಿಸುವ ವ್ಯವಸ್ಥೆಯಾಗಿದೆ. ಕರ್ನಾಟಕ ಸರ್ಕಾರದ ಸಾರ್ವಜನಿಕ ಗ್ರಂಥಾಲಯ ಇಲಾಖೆಯು 2020ರಲ್ಲಿ ಆರಂಭಿಸಿದ ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವು ಇದರ ಮುಖ್ಯ ಅಂಗ. ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ದೃಷ್ಟಿ ಅಂಗವಿಕಲರಿಗಾಗಿ ಇರುವ ಸುಗಮ್ಯ ಪುಸ್ತಕಾಲಯ ಮತ್ತು ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಮುಕ್ತ ಸಂಗ್ರಹಗಳು ಇದಕ್ಕೆ ಪೂರಕವಾಗಿವೆ. ಕನ್ನಡದ ಯಾವ ಪುಸ್ತಕ ಉಚಿತವಾಗಿ ದೊರೆಯುತ್ತದೆ, ಯಾವುದು ದೊರೆಯುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ಹಕ್ಕುಸ್ವಾಮ್ಯದ ಅವಧಿ ಮತ್ತು ಕಡತದ ಸ್ವರೂಪ ನಿರ್ಧರಿಸುತ್ತವೆ.

ಹಿನ್ನೆಲೆ

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿದ್ದವು. ಅನಂತರ ಕನಕಗಿರಿ, ಕಾರಟಗಿ ಮತ್ತು ಕುಕನೂರು ಹೊಸ ತಾಲ್ಲೂಕುಗಳಾದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ, ಸಾಕ್ಷರತೆ ಸುಮಾರು ಶೇ 68. ಜನರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಗ್ರಾಮವಾಸಿಗಳು. ಆದ್ದರಿಂದ ಪಟ್ಟಣದ ಗ್ರಂಥಾಲಯವೊಂದರಿಂದಲೇ ಜಿಲ್ಲೆಯ ಓದುವ ಅಗತ್ಯ ಪೂರೈಸುವುದಿಲ್ಲ. ಹಳ್ಳಿಯ ಓದುಗನಿಗೆ ಪುಸ್ತಕ ತಲುಪುವ ದಾರಿ ಯಾವುದೆಂಬುದು ಇಲ್ಲಿ ಮುಖ್ಯ ಪ್ರಶ್ನೆಯಾಗಿದೆ.

ಈ ಪ್ರದೇಶವು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯವು 1955ರಲ್ಲಿ ತನ್ನದೇ ಆದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ಅಂಗೀಕರಿಸಿತ್ತು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ, 1965 ಬಂದಿತು. ಇದೇ ಇಂದಿನ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಇದರನ್ವಯ 1966ರಲ್ಲಿ ಪ್ರತ್ಯೇಕ ಇಲಾಖೆ ಸ್ಥಾಪನೆಯಾಯಿತು. ಸ್ಥಳೀಯ ಸಂಸ್ಥೆಗಳು ಭೂಮಿ ಮತ್ತು ಕಟ್ಟಡ ತೆರಿಗೆಯೊಡನೆ ಶೇ 6ರಷ್ಟು ಗ್ರಂಥಾಲಯ ಕರವನ್ನು ವಸೂಲು ಮಾಡುತ್ತವೆ. ಈ ಅರ್ಥದಲ್ಲಿ ‘ಉಚಿತ’ ಸೇವೆ ಎಂದರೆ ವೆಚ್ಚವಿಲ್ಲದ ಸೇವೆ ಎಂದಲ್ಲ. ಸಾರ್ವಜನಿಕರು ತೆರಿಗೆಯ ರೂಪದಲ್ಲಿ ಮೊದಲೇ ಹಣ ತೆತ್ತಿರುವ ಸೇವೆ ಎಂದು.

ಗ್ರಂಥಾಲಯಗಳ ಜಾಲ

ಜಿಲ್ಲೆಯಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಎರಡು ಇಲಾಖೆಗಳ ಅಡಿಯಲ್ಲಿವೆ. ಕೊಪ್ಪಳದ ಜಿಲ್ಲಾ ಕೇಂದ್ರ ಗ್ರಂಥಾಲಯ ಮತ್ತು ತಾಲ್ಲೂಕು ಪಟ್ಟಣಗಳ ಶಾಖಾ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಸೇರಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ರಾಜ್ಯಾದ್ಯಂತ ಹೀಗೆ ವರ್ಗಾವಣೆಯಾದ ಗ್ರಂಥಾಲಯಗಳ ಸಂಖ್ಯೆ 5,600ಕ್ಕೂ ಹೆಚ್ಚು. ಇವುಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ.

ಕೊರೊನಾ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ ಸಂದರ್ಭದಲ್ಲಿ, 2020ರ ನವೆಂಬರ್‌ನಲ್ಲಿ, ಪಂಚಾಯತ್ ರಾಜ್ ಇಲಾಖೆಯು ‘ಓದುವ ಬೆಳಕು’ ಕಾರ್ಯಕ್ರಮವನ್ನು ಆರಂಭಿಸಿತು. ಇದರಡಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ಸ್ವಂತ ಮೊಬೈಲ್ ಇಲ್ಲದ ಮಕ್ಕಳು ಹಾಗೂ ಉದ್ಯೋಗಾಕಾಂಕ್ಷಿಗಳಿಗೆ ಕಂಪ್ಯೂಟರ್ ಮತ್ತು ಅಂತರಜಾಲ ಸೌಲಭ್ಯವಿರುವ ಗ್ರಂಥಾಲಯವೇ ಡಿಜಿಟಲ್ ಪುಸ್ತಕಗಳನ್ನು ತೆರೆದು ನೋಡುವ ಹತ್ತಿರದ ಸ್ಥಳವಾಗುತ್ತದೆ.

ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ

ಈ ಸೇವೆಯನ್ನು ಜಾಲತಾಣ ಮತ್ತು ಮೊಬೈಲ್ ಆ್ಯಪ್‌ಗಳ ಮೂಲಕ ಬಳಸಬಹುದು. ಸದಸ್ಯತ್ವಕ್ಕೆ ಶುಲ್ಕವಿಲ್ಲ. ಓದುಗರು ಮನೆಯಿಂದಲೇ ಹೆಸರು ನೋಂದಾಯಿಸಿಕೊಳ್ಳಬಹುದು ಅಥವಾ ಗ್ರಂಥಾಲಯದ ಸಿಬ್ಬಂದಿಯ ನೆರವು ಪಡೆಯಬಹುದು. ಸಂಗ್ರಹದಲ್ಲಿ ರಾಜ್ಯ ಪಠ್ಯಕ್ರಮದ ಸಾಮಗ್ರಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ನೆರವಾಗುವ ಪುಸ್ತಕಗಳು, ಸಾಹಿತ್ಯ ಕೃತಿಗಳು ಮತ್ತು ವಿಡಿಯೊ ಪಾಠಗಳಿವೆ.

ಸಾಂಪ್ರದಾಯಿಕ ಗ್ರಂಥಾಲಯದಲ್ಲಿ ಪುಸ್ತಕವನ್ನು ಎರವಲು ಪಡೆದವರು ವಾಯಿದೆಯೊಳಗೆ ಹಿಂದಿರುಗಿಸಬೇಕು. ತಡವಾದರೆ ದಂಡ ತೆರಬೇಕು. ಹಿಂದಿರುಗಿಸುವವರೆಗೆ ಅದು ಬೇರೆಯವರಿಗೆ ಸಿಗುವುದಿಲ್ಲ. ಮುಕ್ತವಾಗಿ ಹಂಚಬಹುದಾದ ಡಿಜಿಟಲ್ ಕೃತಿಗೆ ಈ ಮಿತಿಯಿಲ್ಲ. ಒಂದೇ ಪಠ್ಯಪುಸ್ತಕವನ್ನು ಕುಷ್ಟಗಿ ಮತ್ತು ಗಂಗಾವತಿಯ ಓದುಗರು ಏಕಕಾಲದಲ್ಲಿ ತೆರೆಯಬಹುದು. ಆದರೆ ಪ್ರಕಾಶಕರಿಂದ ಪರವಾನಗಿ ಪಡೆದ ಕೃತಿಗಳ ಬಳಕೆಯು ಆ ಪರವಾನಗಿಯ ಷರತ್ತುಗಳಿಗೆ ಒಳಪಟ್ಟಿರುತ್ತದೆ.

ಡಿಜಿಟಲ್ ಎರವಲಿನ ವಿಧಾನ

ಅಮೆರಿಕ, ಕೆನಡಾ, ಬ್ರಿಟನ್ ಮುಂತಾದ ದೇಶಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪರವಾನಗಿ ಆಧಾರಿತ ಎರವಲು ಪದ್ಧತಿ ವ್ಯಾಪಕವಾಗಿದೆ. ಓವರ್‌ಡ್ರೈವ್ ಸಂಸ್ಥೆ 2017ರಲ್ಲಿ ಹೊರತಂದ ಲಿಬ್ಬಿ ಆ್ಯಪ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಗ್ರಂಥಾಲಯವು ಒಂದು ಇ-ಪುಸ್ತಕಕ್ಕೆ ಎಷ್ಟು ಪ್ರತಿಗಳ ಪರವಾನಗಿ ಪಡೆದಿದೆಯೋ ಅಷ್ಟೇ ಓದುಗರು ಒಮ್ಮೆಗೆ ಅದನ್ನು ಪಡೆಯಬಹುದು. ಉಳಿದವರು ಸರದಿಯಲ್ಲಿ ಕಾಯಬೇಕು. ಅವಧಿ ಮುಗಿದೊಡನೆ ಪುಸ್ತಕ ಓದುಗರ ಮೊಬೈಲ್‌ನಿಂದ ತಾನಾಗಿಯೇ ಮರೆಯಾಗುವುದರಿಂದ ದಂಡದ ಪ್ರಶ್ನೆ ಬರುವುದಿಲ್ಲ. ಈ ಸೌಲಭ್ಯಕ್ಕೆ ಅಲ್ಲಿನ ಗ್ರಂಥಾಲಯದ ಸದಸ್ಯತ್ವ ಬೇಕು. ಆ ದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಇದನ್ನು ಬಳಸಬಹುದಾದರೂ, ಕನ್ನಡ ಪುಸ್ತಕಗಳ ಲಭ್ಯತೆ ಆಯಾ ಗ್ರಂಥಾಲಯದ ಖರೀದಿಯನ್ನು ಅವಲಂಬಿಸಿದೆ.

ಮುದ್ರಿತ ಪುಸ್ತಕವನ್ನು ತಾನೇ ಸ್ಕ್ಯಾನ್ ಮಾಡಿ ಎರವಲು ಕೊಡುವ ವಿಧಾನವನ್ನು ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಅನುಸರಿಸಿತ್ತು. ಇದರ ವಿರುದ್ಧ ನಾಲ್ಕು ಪ್ರಕಾಶನ ಸಂಸ್ಥೆಗಳು 2020ರಲ್ಲಿ ಮೊಕದ್ದಮೆ ಹೂಡಿದವು. 2023ರಲ್ಲಿ ನ್ಯಾಯಾಲಯವು ಪ್ರಕಾಶಕರ ಪರವಾಗಿ ತೀರ್ಪು ನೀಡಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಗ್ರಂಥಾಲಯದ ಬಳಿ ಪುಸ್ತಕವಿದ್ದ ಮಾತ್ರಕ್ಕೆ ಅದರ ಡಿಜಿಟಲ್ ಪ್ರತಿಯನ್ನು ಹಂಚುವ ಹಕ್ಕು ಬರುವುದಿಲ್ಲ ಎಂಬುದನ್ನು ಈ ಪ್ರಕರಣ ತೋರಿಸಿತು.

ಹಕ್ಕುಸ್ವಾಮ್ಯ ಮತ್ತು ಲಭ್ಯತೆ

ಭಾರತದ ಹಕ್ಕುಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಸಾಹಿತ್ಯ ಕೃತಿಯ ಹಕ್ಕು ಅವರ ಮರಣದ ನಂತರ 60 ವರ್ಷ ಉಳಿಯುತ್ತದೆ. ಈ ಅವಧಿಯನ್ನು ಮರಣದ ಮುಂದಿನ ವರ್ಷದ ಆರಂಭದಿಂದ ಎಣಿಸಲಾಗುತ್ತದೆ. ಅವಧಿ ಮುಗಿದ ಕೃತಿಯನ್ನು ಯಾರು ಬೇಕಾದರೂ ಸ್ಕ್ಯಾನ್ ಮಾಡಬಹುದು, ಮುದ್ರಿಸಬಹುದು, ಧ್ವನಿಮುದ್ರಿಸಿ ಹಂಚಬಹುದು.

ಆನೆಗೊಂದಿ–ವಿಜಯನಗರದ ಇತಿಹಾಸವನ್ನು ಕುರಿತ ‘ಮಾಧವ ಕರುಣಾವಿಲಾಸ’ ಕಾದಂಬರಿಯ ಲೇಖಕ ಗಳಗನಾಥರು 1942ರಲ್ಲಿ ನಿಧನರಾದರು. ಅವರ ಕೃತಿಗಳು 2003ರಿಂದ ಸಾರ್ವಜನಿಕ ಸ್ವತ್ತಾಗಿವೆ. ಮಂಜೇಶ್ವರದ ಗೋವಿಂದ ಪೈ ಅವರು 1963ರಲ್ಲಿ ನಿಧನರಾದ ಕಾರಣ, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಮುಕ್ತವಾಗಿವೆ. ಇದಕ್ಕೆ ವ್ಯತಿರಿಕ್ತವಾಗಿ, ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ, ‘ಕಾವ್ಯಾನಂದ’ ಕಾವ್ಯನಾಮದ ಸಿದ್ದಯ್ಯ ಪುರಾಣಿಕರು ನಿಧನರಾದದ್ದು 1994ರಲ್ಲಿ. ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಹೀಗಾಗಿ ಆನೆಗೊಂದಿಯನ್ನು ಕುರಿತು ಹಾವೇರಿ ಸೀಮೆಯ ಲೇಖಕರು ಬರೆದ ಹಳೆಯ ಕಾದಂಬರಿಯನ್ನು ಅನುಮತಿಯಿಲ್ಲದೆ ಜಾಲಕ್ಕೆ ಏರಿಸಬಹುದು. ಜಿಲ್ಲೆಯವರೇ ಆದ ಕವಿಯ ಪುಸ್ತಕಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಕನ್ನಡ ಸಾಹಿತ್ಯದ ಬಹುಭಾಗ ಈ ಎರಡನೆಯ ಗುಂಪಿಗೆ ಸೇರುತ್ತದೆ. ಅಂಥ ಕೃತಿಗಳಿಗೆ ಶಾಖಾ ಗ್ರಂಥಾಲಯದ ಮುದ್ರಿತ ಪ್ರತಿಯೇ ಅನೇಕ ವೇಳೆ ಉಚಿತವಾದ ಏಕೈಕ ದಾರಿ.

ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಈಗಾಗಲೇ ಇರುವ ಮುದ್ರಿತ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಡಲು ಅವಕಾಶ ನೀಡಿತು. ಇದು ಸಂರಕ್ಷಣೆಗೆ ಸೀಮಿತವಾದ ವಿನಾಯಿತಿಯೇ ಹೊರತು ಜಾಲತಾಣದಲ್ಲಿ ಹಂಚಲು ನೀಡಿದ ಸಾಮಾನ್ಯ ಪರವಾನಗಿಯಲ್ಲ.

ಇತರ ಉಚಿತ ಸಂಗ್ರಹಗಳು

ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವನ್ನು ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆ ಅಭಿವೃದ್ಧಿಪಡಿಸಿದೆ. ಇದನ್ನು 2018ರ ಜೂನ್ 19ರಂದು ರಾಷ್ಟ್ರಕ್ಕೆ ಸಮರ್ಪಿಸಲಾಯಿತು. ಇದು ಬೇರೆ ಬೇರೆ ಸಂಸ್ಥೆಗಳ ಸಂಗ್ರಹಗಳನ್ನು ಒಂದೇ ಕಡೆ ಹುಡುಕಲು ನೆರವಾಗುತ್ತದೆ; ಕೃತಿಯು ಮೂಲ ಸಂಸ್ಥೆಯ ತಾಣದಲ್ಲಿ ತೆರೆದುಕೊಳ್ಳಬಹುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಮುಂದಾಳತ್ವ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಹಳೆಯ ಕನ್ನಡ ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಲಭ್ಯವಿವೆ. ಕನ್ನಡ ವಿಕಿಸೋರ್ಸ್‌ನಲ್ಲಿ ಹಕ್ಕುಸ್ವಾಮ್ಯ ಮುಗಿದ ಅಥವಾ ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾದ ಕೃತಿಗಳನ್ನು ಸ್ವಯಂಸೇವಕರು ಪಠ್ಯರೂಪಕ್ಕೆ ತರುತ್ತಾರೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ 2016ರಲ್ಲಿ ಆರಂಭವಾಯಿತು. ಇದರಲ್ಲಿ ನಿಘಂಟು ಹಾಗೂ ಪಠ್ಯಸಾಮಗ್ರಿಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕನ್ನಡ ಕಥೆಗಳು ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ.

ಆಡಿಯೊ ಪುಸ್ತಕಗಳು

ಇ-ಪುಸ್ತಕಗಳಿಗೆ ಹೋಲಿಸಿದರೆ ಉಚಿತ ಕನ್ನಡ ಆಡಿಯೊ ಪುಸ್ತಕಗಳು ವಿರಳ. ಮುದ್ರಿತ ಪುಟವನ್ನು ಸ್ಕ್ಯಾನ್ ಮಾಡುವುದಕ್ಕಿಂತ ಓದಿ ಧ್ವನಿಮುದ್ರಿಸುವ ಕೆಲಸಕ್ಕೆ ಹೆಚ್ಚು ಸಮಯ ಮತ್ತು ವೆಚ್ಚ ತಗಲುತ್ತದೆ. ಲೇಖಕರ ಹಕ್ಕಿನೊಡನೆ ಧ್ವನಿಮುದ್ರಿಕೆಗೂ ಪ್ರತ್ಯೇಕ ಹಕ್ಕಿರುತ್ತದೆ. ಆದ್ದರಿಂದ ಇತ್ತೀಚಿನ ಲೇಖಕರ ಕನ್ನಡ ಆಡಿಯೊ ಪುಸ್ತಕಗಳು ಹೆಚ್ಚಾಗಿ ಹಣ ಕೊಟ್ಟು ಪಡೆಯುವ ಆ್ಯಪ್‌ಗಳಲ್ಲಿವೆ.

ದೃಷ್ಟಿ ಅಂಗವಿಕಲರಿಗೆ ಕಾನೂನು ವಿಶೇಷ ಅವಕಾಶ ನೀಡಿದೆ. 2012ರ ತಿದ್ದುಪಡಿಯಂತೆ, ಹಕ್ಕುಸ್ವಾಮ್ಯವಿರುವ ಕೃತಿಯನ್ನೂ ಅವರು ಬಳಸಬಹುದಾದ ರೂಪಕ್ಕೆ ಲಾಭದ ಉದ್ದೇಶವಿಲ್ಲದೆ ಪರಿವರ್ತಿಸಬಹುದು. ಇದೇ ಆಶಯದ ಮರಕೇಶ್ ಒಪ್ಪಂದ 2013ರಲ್ಲಿ ರೂಪುಗೊಂಡಿತು. 2014ರಲ್ಲಿ ಅದನ್ನು ಅನುಮೋದಿಸಿದ ಮೊದಲ ದೇಶ ಭಾರತ. 2016ರ ಆಗಸ್ಟ್ 24ರಂದು ಆರಂಭವಾದ ಸುಗಮ್ಯ ಪುಸ್ತಕಾಲಯವು ಈ ಅವಕಾಶವನ್ನು ಬಳಸಿಕೊಂಡು ಹಲವು ಭಾರತೀಯ ಭಾಷೆಗಳ ಪುಸ್ತಕಗಳನ್ನು ಒದಗಿಸುತ್ತದೆ. ಮುದ್ರಿತ ಅಕ್ಷರವನ್ನು ಓದಲಾಗದ ಅಂಗವೈಕಲ್ಯ ಇರುವವರಿಗೆ ಮಾತ್ರ ಇದರ ಸದಸ್ಯತ್ವ ಸೀಮಿತವಾಗಿದೆ.

ಪಠ್ಯವನ್ನು ಗಣಕಧ್ವನಿಯಲ್ಲಿ ಓದಿಸುವುದು ಇನ್ನೊಂದು ಮಾರ್ಗ. ಆಂಡ್ರಾಯ್ಡ್ ಮೊಬೈಲ್‌ಗಳ ಟಾಕ್‌ಬ್ಯಾಕ್ ಹಾಗೂ ಕಂಪ್ಯೂಟರಿನ ಉಚಿತ ತಂತ್ರಾಂಶ ಎನ್‌ವಿಡಿಎ ಕನ್ನಡವನ್ನು ಓದಬಲ್ಲವು. ಆದರೆ ಪುಸ್ತಕವು ಯುನಿಕೋಡ್ ಪಠ್ಯವಾಗಿದ್ದರೆ ಮಾತ್ರ ಇದು ಸಾಧ್ಯ. ಕೇವಲ ಸ್ಕ್ಯಾನ್ ಮಾಡಿದ ಪುಟ ಯಂತ್ರಕ್ಕೆ ಒಂದು ಚಿತ್ರವಷ್ಟೇ. ಯುನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತಗಳನ್ನು ಪರಿವರ್ತಿಸದೆ ಸರಿಯಾಗಿ ಓದಿಸಲಾಗುವುದಿಲ್ಲ. ಇದರಿಂದಾಗಿ ಕಣ್ಣಿರುವವರಿಗೆ ‘ಲಭ್ಯ’ವಾದ ಪುಸ್ತಕವು ದೃಷ್ಟಿಯಿಲ್ಲದ ಓದುಗನಿಗೆ ಅಲಭ್ಯವಾಗಿಯೇ ಉಳಿಯಬಹುದು. ಅಕ್ಷರ ಗುರುತಿಸುವ ತಂತ್ರಾಂಶಗಳು ಚಿತ್ರವನ್ನು ಪಠ್ಯವಾಗಿಸುತ್ತವೆಯಾದರೂ ಒತ್ತಕ್ಷರ ಮತ್ತು ಮಸುಕಾದ ಮುದ್ರಣವಿರುವಲ್ಲಿ ತಪ್ಪುಗಳನ್ನು ಕೈಯಿಂದ ತಿದ್ದಬೇಕಾಗುತ್ತದೆ.

ಬಳಕೆಯ ಅಂಶಗಳು

ಕಡತದ ಗಾತ್ರವು ಅಂತರಜಾಲದ ವೇಗ ಕಡಿಮೆಯಿರುವ ಸ್ಥಳಗಳಲ್ಲಿ ಮುಖ್ಯವಾಗುತ್ತದೆ. ಪಠ್ಯರೂಪದ ಕಾದಂಬರಿಯೊಂದು ಸಾಮಾನ್ಯವಾಗಿ ಕೆಲವೇ ಮೆಗಾಬೈಟ್‌ಗಳಲ್ಲಿ ಮುಗಿಯುತ್ತದೆ. ಅದರ ಸ್ಕ್ಯಾನ್ ಪ್ರತಿ ಹತ್ತಾರು ಮೆಗಾಬೈಟ್ ಆಗಬಹುದು. ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ ಮುದ್ರಿಸಿದ ಆಡಿಯೊ ಗಂಟೆಗೆ ಸುಮಾರು 29 ಮೆಗಾಬೈಟ್ ಬೇಡುವುದರಿಂದ, ಹತ್ತು ಗಂಟೆಯ ಪುಸ್ತಕಕ್ಕೆ ಸುಮಾರು 290 ಮೆಗಾಬೈಟ್ ಬೇಕು. ಡೌನ್‌ಲೋಡ್ ಅವಕಾಶವಿರುವ ಕೃತಿಗಳನ್ನು ಸಂಪರ್ಕ ಉತ್ತಮವಾಗಿರುವ ಸ್ಥಳದಲ್ಲಿ ಇಳಿಸಿಕೊಂಡು ಅನಂತರ ಅಂತರಜಾಲವಿಲ್ಲದೆ ಓದಬಹುದು ಅಥವಾ ಕೇಳಬಹುದು.

ಶಾಲಾ ವಿದ್ಯಾರ್ಥಿಗಳಿಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ದೊರೆಯುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಪುಸ್ತಕದ ಪ್ರಕಟಣೆಯ ವರ್ಷವನ್ನು ಗಮನಿಸುವುದು ಅಗತ್ಯ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳು ಇತಿಹಾಸ ಮತ್ತು ಸಾಹಿತ್ಯಕ್ಕೆ ಉಪಯುಕ್ತವಾದರೂ ಪ್ರಚಲಿತ ಕಾನೂನು, ಆಡಳಿತ ಮತ್ತು ಅರ್ಥಶಾಸ್ತ್ರಕ್ಕೆ ಸಾಕಾಗುವುದಿಲ್ಲ. ಹೊಸ ಆವೃತ್ತಿಗಳಿಗೆ ಪರವಾನಗಿ ಪಡೆದ ಡಿಜಿಟಲ್ ಸಂಗ್ರಹವನ್ನೋ ಜಿಲ್ಲಾ ಮತ್ತು ಶಾಖಾ ಗ್ರಂಥಾಲಯಗಳ ಮುದ್ರಿತ ಪ್ರತಿಗಳನ್ನೋ ಅವಲಂಬಿಸಬೇಕಾಗುತ್ತದೆ.