ತಪ್ಪು ಇಂಗ್ಲಿಷಿನ ಚರಿತ್ರೆ

ರೋಣದ ಕಡೆಯ ಹುಡುಗ ಹುಬ್ಬಳ್ಳಿಗೋ ಬೆಂಗಳೂರಿಗೋ ಕೆಲಸ ಕೇಳಲು ಹೋಗಿ ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಂದ ಕೂಡಲೆ ಮೇಜಿನ ಆಚೆ ಕುಂತವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹುಡುಗನಿಗೆ ಲೆಕ್ಕ ಬರುತ್ತದೆ, ದುಡಿಯುವ ತಾಕತ್ತಿದೆ, ಹತ್ತು ಜನರನ್ನು ಕಟ್ಟಿಕೊಂಡು ಹೋಗುವ ಬುದ್ಧಿ ಇದೆ. ಎಲ್ಲವೂ ಆ ಒಂದು ‘ಹ್ಯಾವಿಂಗ್’ ಕೆಳಗೆ ಮುಚ್ಚಿಹೋಗುತ್ತದೆ. ಊರಿಗೆ ಬಂದು ‘ನಂದು ಇಂಗ್ಲಿಷ್ ಸರಿ ಇಲ್ಲೋ ಮಾರಾಯಾ’ ಅಂತ ತನ್ನನ್ನು ತಾನೇ ಬೈದುಕೊಳ್ಳುತ್ತಾನೆ.

ಗೆಳೆಯರೇ, ಈ ತಪ್ಪು ಎಲ್ಲಿಂದ ಬಂತು? ಹುಡುಗನ ದಡ್ಡತನದಿಂದ ಬಂತು ಅನ್ನುವುದು ಸುಲಭದ ಉತ್ತರ. ಚರಿತ್ರೆ ಬೇರೆ ಉತ್ತರ ಕೊಡುತ್ತದೆ.

1

ರೋಣ, ನರಗುಂದ, ಗಜೇಂದ್ರಗಡಗಳು 1997ರಲ್ಲಿ ಗದಗ ಜಿಲ್ಲೆಗೆ ಸೇರುವ ಮುಂಚೆ ಧಾರವಾಡ ಜಿಲ್ಲೆಯವು. ಅದಕ್ಕೂ ಹಿಂದೆ ನರಗುಂದ ಭಾವೆ ಮನೆತನದ ಸಂಸ್ಥಾನ, ಗಜೇಂದ್ರಗಡ ಘೋರ್ಪಡೆಯವರ ಇನಾಮು. ಈ ಸೀಮೆಗೆಲ್ಲ ವಿದ್ಯೆಯ ದೊಡ್ಡ ಬಾಗಿಲು ಧಾರವಾಡ.

1854ರಲ್ಲಿ ವುಡ್ ಎಂಬ ಸಾಹೇಬನ ಶಿಕ್ಷಣ ಆಜ್ಞಾಪತ್ರ ಬಂತು. ವಿದ್ಯೆ ಜನಸಾಮಾನ್ಯರಿಗೂ ಮುಟ್ಟಬೇಕು ಅಂತ ಅದರಲ್ಲಿ ಬರೆದಿತ್ತು. ಎರಡೇ ವರ್ಷಕ್ಕೆ, 1856ರ ಜೂನ್ ತಿಂಗಳಲ್ಲಿ, ಒಬ್ಬ ಮಹಾರ ಹುಡುಗ ಧಾರವಾಡದ ಸರಕಾರಿ ಶಾಲೆ ತನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಹಾಕಿಕೊಂಡ. ಜುಲೈನಲ್ಲಿ ಸರಕಾರದ ತೀರ್ಮಾನ ಬಂತು. ಅದರ ಸಾರ ಇಷ್ಟು: ನ್ಯಾಯ ಅರ್ಜಿದಾರನ ಕಡೆಗೇ ಇದೆ; ಆದರೆ ಯುಗಯುಗಗಳ ಪೂರ್ವಗ್ರಹಗಳಿಗೆ ಒಬ್ಬಿಬ್ಬರ ಸಲುವಾಗಿ ಅವಸರದಿಂದ ಕೈ ಹಾಕಿದರೆ ಶಿಕ್ಷಣಕ್ಕೇ ಧಕ್ಕೆ; ಈ ಅನನುಕೂಲ ಸರಕಾರ ಹುಟ್ಟಿಸಿದ್ದಲ್ಲ.

ಈ ತೀರ್ಮಾನದ ಇಂಗ್ಲಿಷು ಬಲು ಶುದ್ಧ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಅವುಗಳ ಜಾಗದಲ್ಲಿವೆ. ಆದರೆ ಕರ್ತೃವಿನ ಜಾಗದಲ್ಲಿ ಕುಂತದ್ದು ಯಾರು ಅಂತ ನೋಡಿರಿ. ಹುಡುಗನನ್ನು ತಡೆದದ್ದು ಹೆಡ್‌ಮಾಸ್ತರನಲ್ಲ, ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತೇವೆಂದು ಹೆದರಿಸುವ ಮೇಲ್ಜಾತಿಯ ತಂದೆಗಳಲ್ಲ, ಸರಕಾರವಂತೂ ಅಲ್ಲವೇ ಅಲ್ಲ. ತಡೆದದ್ದು ‘ಪೂರ್ವಗ್ರಹ’! ಪೂರ್ವಗ್ರಹಕ್ಕೆ ಕೈ ಇದೆಯೆ, ಬಾಗಿಲು ಹಾಕಲು? ವ್ಯಾಕರಣ ಒಂದೂ ತಪ್ಪದೆ ಅನ್ಯಾಯ ಬರೆಯಬಹುದು ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮ್ಮ ಜಿಲ್ಲೆಯಲ್ಲಿ ಹುಡುಕಬೇಕಾಗಿಲ್ಲ.

ಕಾಗದ ಮೇಲಕ್ಕೆ ಹೋಯಿತು. 1858ರ ಏಪ್ರಿಲಿನಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಬರೆದರು. ಮರುತಿಂಗಳೇ ನರಗುಂದದ ಭಾಸ್ಕರರಾವ್ ಭಾವೆ ಬಂಡೆದ್ದ; ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದ; ಜೂನಿನಲ್ಲಿ ಬೆಳಗಾವಿಯಲ್ಲಿ ಭಾಸ್ಕರರಾವ್‌ನನ್ನು ಗಲ್ಲಿಗೇರಿಸಿದರು. ದತ್ತು ಮಗನಿಗೆ ಗಾದಿ ಕೇಳಿದ ನರಗುಂದದ ಬಾಬಾಸಾಹೇಬನ ಕಥೆ ನಮ್ಮ ಮಕ್ಕಳಿಗೆ ಗೊತ್ತು. ಬಾಂಕಿನ ಮೇಲೆ ಕೂಡ್ರಲು ಜಾಗ ಕೇಳಿದ ಧಾರವಾಡದ ಹುಡುಗನ ಕಥೆಯನ್ನು ಎಷ್ಟು ಸಾಲಿಯೊಳಗೆ ಹೇಳುತ್ತಾರೆ? ಅದೂ ಒಂದು ಬಂಡಾಯವೇ ಆಗಿತ್ತು. ಆಯುಧ ಮಾತ್ರ ಅರ್ಜಿ.

ಲಂಡನ್ನಿನ ಮಾತು ಕಾಗದದ ಮೇಲೇ ಉಳಿಯಿತು. 1882ರ ಹಂಟರ್ ಆಯೋಗ ತತ್ವ ಒಪ್ಪಿ, ನಿಧಾನ ಹೋಗಿರಿ ಅಂದಿತು. ಅಸ್ಪೃಶ್ಯ ಮಕ್ಕಳನ್ನು ಹೊರಗಿಟ್ಟ ಶಾಲೆಗೆ ಅನುದಾನ ಇಲ್ಲ ಎಂದು ಮುಂಬಯಿ ಸರಕಾರ ಹೇಳಲು 1923ರವರೆಗೆ ಕಾಯಬೇಕಾಯಿತು. ಲೆಕ್ಕ ಹಾಕಿರಿ: 67 ವರ್ಷ. 1928ರಲ್ಲಿ ಅಂಬೇಡ್ಕರರು ಕಟ್ಟಿದ ಶಿಕ್ಷಣ ಸಂಸ್ಥೆ ನಡೆಸಿದ ವಸತಿನಿಲಯಗಳಲ್ಲಿ ಒಂದು ಧಾರವಾಡದಲ್ಲೇ ಇತ್ತು. 1856ರ ಧಾರವಾಡ ಪ್ರಕರಣವನ್ನು ದಾಖಲೆಯ ಧೂಳಿನಿಂದ ಎತ್ತಿ ಸೈಮನ್ ಆಯೋಗದ ಮುಂದೆ ಇಟ್ಟವರೂ ಅವರೇ. ಇಟ್ಟದ್ದು ಇಂಗ್ಲಿಷಿನಲ್ಲಿ.

2

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ರಾಜ್ಯ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ತಳ್ಳಿತು. ಹಳ್ಳಿಯ ಹುಡುಗನಿಗೆ ಮೂರ್ನಾಲ್ಕು ವರ್ಷದ ಇಂಗ್ಲಿಷು, ದುಡ್ಡಿದ್ದವನಿಗೆ ಕಾನ್ವೆಂಟು. ಇಂಗ್ಲಿಷ್ ಮನೆಮಾತಲ್ಲದವರನ್ನು ಇಂಗ್ಲಿಷ್ ಶಾಲೆಗೆ ಸೇರಿಸಬಾರದೆಂದು 1954ರಲ್ಲಿ ಆ ರಾಜ್ಯ ಹೊರಡಿಸಿದ ಆಜ್ಞೆಯನ್ನು ಅದೇ ವರ್ಷ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಕೋರ್ಟಿಗೆ ಹೋಗುವ ಶಕ್ತಿ ಇದ್ದವರ ದಾರಿ ತೆರೆಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಅಂದಾಗ ಎದ್ದ ಗದ್ದಲ, 1982ರ ಗೋಕಾಕ್ ಚಳವಳಿ, ಎರಡರ ಹಿಂದೆಯೂ ಯಾವ ಭಾಷೆ ಯಾರಿಗೆ ಎಂಬ ಪ್ರಶ್ನೆ ಇತ್ತು. ಸರಕಾರಿ ಕನ್ನಡ ಶಾಲೆಯ ಒಂದನೆಯ ತರಗತಿಗೆ ಇಂಗ್ಲಿಷು ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ತಡವಾಗಿ ಊಟಕ್ಕೆ ಕರೆದು, ‘ಉಣ್ಣಾಕ ಬರೂದಿಲ್ಲ ನಿನಗ’ ಅಂತ ನಗುವ ರೀತಿ ಇದು.

ಪುಸ್ತಕದ ಕಥೆಯೂ ಹೀಗೆಯೇ. ನಮ್ಮ ಮಾಸ್ತರರು ಕಣ್ಣಿಗೊತ್ತಿಕೊಂಡ ರೆನ್ ಮತ್ತು ಮಾರ್ಟಿನ್ ವ್ಯಾಕರಣ 1930ರ ದಶಕದ್ದು. ಮೊದಲು ಬರೆದದ್ದು ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಮಕ್ಕಳಿಗಾಗಿ. ಕನ್ನಡದಲ್ಲಿ ಯೋಚಿಸುವ ಮಗು ಎಲ್ಲಿ ಎಡವುತ್ತದೆ ಎಂಬುದು ಆ ಪುಸ್ತಕದ ಚಿಂತೆಯೇ ಅಲ್ಲ.

ಇನ್ನು ಆ ನಿಯಮಗಳನ್ನಾದರೂ ಮಾಡಿದವರು ಯಾರು? 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ, ಮುಂದೆ ಲಂಡನ್ನಿನ ಬಿಷಪ್ ಆದವನು, ಒಂದು ವ್ಯಾಕರಣ ಬರೆದ. ಎರಡು ನಕಾರ ಸೇರಿದರೆ ಸಕಾರ ಎಂಬ ನಿಯಮ ಆ ಪುಸ್ತಕದಿಂದ ಗಟ್ಟಿಯಾಯಿತು. ಚಾಸರ್, ಶೇಕ್ಸ್‌ಪಿಯರ್ ಇಬ್ಬರೂ ಒಂದೇ ವಾಕ್ಯದಲ್ಲಿ ಎರಡು ನಕಾರ ಬಳಸಿದವರೇ. ಇಂಗ್ಲೆಂಡಿನ ಕೂಲಿಕಾರ ಇವತ್ತಿಗೂ ‘ಐ ಡೋಂಟ್ ನೋ ನಥಿಂಗ್’ ಅಂತಾನೆ. ಅವನ ಮಾತು ತಪ್ಪಾಯಿತು, ಬಿಷಪ್ಪನ ಮಾತು ವ್ಯಾಕರಣವಾಯಿತು.

ನಮ್ಮಲ್ಲೂ ಬೇರೆ ಏನಿಲ್ಲ. ಧಾರವಾಡದ ಕನ್ನಡ ಜಾತಿಗೊಂದು ಬಗೆಯಾಗಿ ಹೇಗೆ ಒಡೆದಿದೆ ಎಂದು ವಿಲಿಯಂ ಮೆಕಾರ್ಮ್ಯಾಕ್ ಎಂಬ ವಿದ್ವಾಂಸ 1960ರಲ್ಲಿ ಬರೆದ. ಒಂದು ಕೇರಿಯ ಕನ್ನಡ ಪುಸ್ತಕಕ್ಕೆ ಹೋಯಿತು, ಇನ್ನೊಂದು ಕೇರಿಯದು ‘ಅಶುದ್ಧ’ವಾಯಿತು. ಹೀಗಾಗಿ ನಮ್ಮ ಮಗು ಎರಡು ಸಲ ನಗೆಪಾಟಲಾಗುತ್ತದೆ: ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ.

3

ಹಂಗಂತ ‘ತಪ್ಪೇ ಇರಲಿ ಬಿಡ್ರಿ’ ಅನ್ನಲು ಬರುವುದಿಲ್ಲ. ಅರ್ಜಿ ಓದುವವನು ಚರಿತ್ರೆ ಕೇಳುವುದಿಲ್ಲ, ತಪ್ಪಿಗೆ ಗೆರೆ ಹೊಡೆಯುತ್ತಾನೆ. ನಮ್ಮ ತಪ್ಪುಗಳ ಬೇರು ಬಹಳ ಸಲ ನಮ್ಮ ಕನ್ನಡದ ಬುದ್ಧಿವಂತಿಕೆಯಲ್ಲೇ ಇದೆ. ಬೇರು ಕಂಡರೆ ಕಳೆ ಕೀಳುವುದು ಸುಲಭ. ಮಾಸ್ತರರು ಇವನ್ನು ಬೋರ್ಡಿನ ಮೇಲೆ ಬರೆದು ತೋರಿಸಲಿ.

‘ಹ್ಯಾವಿಂಗ್’ನಿಂದ ಸುರು ಮಾಡೋಣ. ‘ನನಗ ಎರಡು ಎಕರೆ ಹೊಲ ಐತಿ’ ಅಂತೀವಿ. ‘ಹೊಲ ಇರಾಕತ್ತೈತಿ’ ಅಂತ ಯಾರೂ ಅನ್ನುವುದಿಲ್ಲ. ‘ಉಣ್ಣಾಕತ್ತೀನಿ’ ಅಂತೀವಿ, ಅದು ನಡೆದಿರುವ ಕೆಲಸ. ‘-ಆಕತ್ತ’ ಹತ್ತದ ಕಡೆ ‘ಇಂಗ್’ ಹಚ್ಚಬೇಡಿರಿ: ‘ಐ ಹ್ಯಾವ್ ಟೂ ಎಕರ್ಸ್’, ‘ಐ ನೋ ಹಿಮ್’. ಮಗುವಿನ ನಾಲಿಗೆಯಲ್ಲೇ ಇರುವ ಈ ಅಳತೆಗೋಲು ಬಹುತೇಕ ಕಡೆ ಸರಿಯಾಗಿ ಅಳೆಯುತ್ತದೆ.

‘ನಾನು ಮಾಸ್ತರ’ ಅನ್ನುವ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ‘ಎ’, ‘ದ’ಗಳಂತೂ ಇಲ್ಲವೇ ಇಲ್ಲ. ಅದಕ್ಕೇ ‘ಐ ಟೀಚರ್’, ‘ಐ ಆಮ್ ಟೀಚರ್’ ಬರುವುದು. ಇಂಗ್ಲಿಷಿಗೆ ಎರಡೂ ಬೇಕು: ‘ಐ ಆಮ್ ಎ ಟೀಚರ್’. ಯಾವಾಗ ‘ಎ’, ಯಾವಾಗ ‘ಆನ್’? ಇಲ್ಲಿ ನಮ್ಮ ಲಿಪಿಯೇ ಗುರು. ಆ ಶಬ್ದವನ್ನು ಕನ್ನಡದಲ್ಲಿ ಬರೆಯಿರಿ. ಸ್ವರದಿಂದ ಸುರುವಾದರೆ ‘ಆನ್’, ವ್ಯಂಜನದಿಂದ ಸುರುವಾದರೆ ‘ಎ’. ಅವರ್, ಆನರ್, ಎಮ್ಮೆಲ್ಲೆ: ‘ಆನ್’. ಯೂನಿಯನ್, ಯೂನಿವರ್ಸಿಟಿ, ಹಾಸ್ಟೆಲ್: ‘ಎ’. ಒಂದೇ ಎಚ್ಚರ: ಎಮ್ಮಿಯನ್ನು ‘ಯಮ್ಮಿ’ ಅನ್ನುವ ರೂಢಿಯಲ್ಲಿ ‘ಯಂ.ಎಲ್.ಎ.’ ಅಂತ ಬರೆಯಬಾರದು; ಇಂಗ್ಲಿಷಿನ ಒಂದನ್ನು ‘ಒನ್’ ಅಂತಲ್ಲ, ‘ವನ್’ ಅಂತ ಬರೆಯಬೇಕು.

ಹೋಗ್ತೇನಿ, ಹೋಗ್ತಿ, ಹೋಗ್ತಾನ, ಹೋಗ್ತಾಳ, ಹೋಗ್ತಾರ: ಓದು ಬಾರದ ಅವ್ವನೂ ಇದರಲ್ಲಿ ಒಂದು ಸಲವೂ ತಪ್ಪುವುದಿಲ್ಲ. ಇಂಗ್ಲಿಷಿಗೆ ಹಿಂದೆ ಇಂಥ ಪ್ರತ್ಯಯಗಳು ಬಹಳ ಇದ್ದವು. ಸವೆದು ಸವೆದು ವರ್ತಮಾನಕಾಲದಲ್ಲಿ ಒಂದು ‘ಸ್’ ಉಳಿದಿದೆ. ‘ಹೀ ಗೋಸ್’, ‘ಶೀ ಡಸಂಟ್ ನೋ’. ಇಷ್ಟೊಂದು ರೂಪ ಆಳುವ ನಾಲಿಗೆಗೆ ಆ ಒಂದು ಯಾವ ಲೆಕ್ಕ?

ವಿಭಕ್ತಿಯನ್ನು ಇದ್ದಂಗೇ ಎತ್ತಿಕೊಂಡು ಹೋಗುವುದು ಇನ್ನೊಂದು ರೂಢಿ. ನನ್ನ ‘ಮೇಲೆ’ ಸಿಟ್ಟು, ಆದ್ದರಿಂದ ‘ಆಂಗ್ರಿ ಆನ್ ಮಿ’. ಅವನ ‘ಜೊತೆ’ ಮದುವೆ, ಆದ್ದರಿಂದ ‘ಮ್ಯಾರೀಡ್ ವಿತ್’. ಅದರ ‘ಬಗ್ಗೆ’ ಚರ್ಚೆ, ಆದ್ದರಿಂದ ‘ಡಿಸ್ಕಸ್ ಅಬೌಟ್’. ಸರಿಯಾದದ್ದು: ಆಂಗ್ರಿ ವಿತ್ ಮಿ, ಮ್ಯಾರೀಡ್ ಟು, ಬರೀ ಡಿಸ್ಕಸ್. ಇವಕ್ಕೆ ನಿಯಮ ಹುಡುಕಬೇಡಿರಿ. ಶಬ್ದದ ಜೊತೆಗೇ ಜೋಡಿ ಎತ್ತಿನಂಗ ಬಾಯಿಪಾಠ ಮಾಡಿಸಿರಿ.

‘ಐ ಡಿಡ್ ನಾಟ್ ವೆಂಟ್’ ಅನ್ನುವಲ್ಲಿ ಭೂತಕಾಲ ಎರಡು ಸಲ ಬಂತು. ‘ಡಿಡ್’ ಒಂದೇ ಸಾಕು: ‘ಐ ಡಿಡ್ ನಾಟ್ ಗೋ’. ‘ನಿನ್ನೆ ಬಂದೀನಿ’ ಅನ್ನುವ ರೂಢಿಯಿಂದ ‘ಐ ಹ್ಯಾವ್ ಕಮ್ ಯೆಸ್ಟರ್‌ಡೇ’ ಹುಟ್ಟುತ್ತದೆ. ನಿನ್ನೆ, ಹೋದ ವಾರ, 1980ರಲ್ಲಿ ಅಂತ ಹೊತ್ತು ಹೇಳಿದ ಮೇಲೆ ‘ಹ್ಯಾವ್’ ಬೇಡ: ‘ಐ ಕೇಮ್ ಯೆಸ್ಟರ್‌ಡೇ’.

ಎಲ್ಲಕ್ಕಿಂತ ಅಪಾಯದ್ದು ‘ಹೌದು’. ‘ನೀನು ನೋಡಲಿಲ್ಲೇನು?’ ಅಂದರೆ ನಾವು ‘ಹೂಂ, ನೋಡಲಿಲ್ರಿ’ ಅಂತೀವಿ. ಕೇಳಿದವನ ಮಾತು ನಿಜ ಅಂತ ಅದರ ಅರ್ಥ. ಇಂಗ್ಲಿಷಿನಲ್ಲಿ ನೋಡಿಲ್ಲದವನು ‘ನೋ, ಐ ಡಿಡಂಟ್’ ಅನ್ನಬೇಕು. ಬರೀ ‘ಯೆಸ್’ ಅಂದರೆ ನೋಡಿದೆ ಅಂತಲೇ ಆಗಬಹುದು. ಸಾಕ್ಷಿ ಹೇಳುವಲ್ಲಿ, ವಿಚಾರಣೆಯಲ್ಲಿ ಇಂಥ ಒಂದು ‘ಯೆಸ್’ ಕಾಗದಕ್ಕಿಳಿದರೆ ಒಬ್ಬನ ಬಾಳೇ ತಿರುಗಿಬೀಳುತ್ತದೆ. ‘ಯೆಸ್’, ‘ನೋ’ದಲ್ಲೇ ನಿಲ್ಲಿಸಬಾರದು, ಪೂರ್ತಿ ವಾಕ್ಯ ಹೇಳಬೇಕೆಂದು ಮಕ್ಕಳಿಗೆ ಕಲಿಸಿರಿ.

ಕಡೆಯದು ಮರ್ಯಾದೆಯ ಬಹುವಚನ. ‘ಸಾಹೇಬರು ಬಂದಾರ’ ಅನ್ನುವ ನಾಲಿಗೆ ‘ಸಾಹೇಬ್ ಆರ್ ಕಮಿಂಗ್’ ಅನ್ನುತ್ತದೆ. ಇಂಗ್ಲಿಷಿನಲ್ಲಿ ಗೌಡನೂ ‘ಈಸ್’, ಜೀತದವನೂ ‘ಈಸ್’, ಇಬ್ಬರೂ ‘ಯೂ’. ಒಂದು ಕಾಲಕ್ಕೆ ಅಲ್ಲಿಯೂ ಮೇಲಿನವನಿಗೆ ‘ಯೂ’, ಕೆಳಗಿನವನಿಗೆ ‘ದೌ’ ಇತ್ತು. 17ನೆಯ ಶತಮಾನದಲ್ಲಿ ಕ್ವೇಕರರೆಂಬ ಪಂಥದವರು ನ್ಯಾಯಾಧೀಶನಿಗೂ ಜಮೀನುದಾರನಿಗೂ ಟೊಪ್ಪಿಗೆ ತೆಗೆಯದೆ ‘ದೌ’ ಅಂದರು. ಅದಕ್ಕೆ ಏಟು ತಿಂದರು, ಜೈಲು ಕಂಡರು. ಒಂದು ಸರ್ವನಾಮದ ಸಲುವಾಗಿ ಜೈಲಿಗೆ ಹೋದವರಿದ್ದಾರೆ ಎಂಬುದು, ವಯಸ್ಸಾದ ಕೂಲಿಕಾರನನ್ನು ಗೌಡರ ಮನೆಯ ಹುಡುಗನೂ ‘ಬಾರಲೇ’ ಅನ್ನುವುದನ್ನು ಕೇಳಿ ಬೆಳೆದ ನಮಗೆ ತಿಳಿದಿರಬೇಕಾದ ಚರಿತ್ರೆ.

4

ಇಷ್ಟು ಕಲಿತರೆ ಸಂದರ್ಶನಕ್ಕೆ ಸಾಕು. ಬದುಕಿಗೆ ಸಾಲದು. ಬರೆಯುವಲ್ಲಿ ತಪ್ಪದಿರುವುದು ಅರ್ಧ ಕೆಲಸ. ಅವರು ಬರೆದದ್ದನ್ನು ಬಿಚ್ಚಿ ನೋಡುವುದು ಉಳಿದರ್ಧ.

ಮಲಪ್ರಭೆಯ ನೀರಾವರಿಯಲ್ಲಿ ನೀರು ಮುಟ್ಟದ ಹೊಲಕ್ಕೂ ‘ಬೆಟರ್‌ಮೆಂಟ್ ಲೆವಿ’ ಬಂತು. ‘ಬೆಟರ್’ ಅಂದರೆ ಮೊದಲಿಗಿಂತ ಚಲೋ. ಯಾರು, ಯಾರನ್ನು, ಯಾವಾಗ ಚಲೋ ಮಾಡಿದರು? ಕ್ರಿಯೆಯನ್ನು ನಾಮಪದ ಮಾಡಿದ ಕೂಡಲೆ ಈ ಮೂರೂ ಪ್ರಶ್ನೆ ಮಾಯವಾಗುತ್ತವೆ, ಕರ ಮಾತ್ರ ಉಳಿಯುತ್ತದೆ. ಆ ಪ್ರಶ್ನೆಗಳನ್ನು ನರಗುಂದ, ನವಲಗುಂದದ ರೈತರು 1980ರ ಜುಲೈ 21ರಂದು ಬೀದಿಯಲ್ಲಿ ಕೇಳಿದರು. ಪೊಲೀಸರ ಗುಂಡಿಗೆ ರೈತರು ಸತ್ತರು. ಇಂಥ ದಿನಗಳ ಸುದ್ದಿ ಇಂಗ್ಲಿಷಿನಲ್ಲಿ ಬರುವುದು ಹೇಗೆ? ‘ಫೈರಿಂಗ್ ವಾಸ್ ರೆಸಾರ್ಟೆಡ್ ಟು’ ಎಂಬ ಧಾಟಿಯಲ್ಲಿ. ಕರ್ಮಣಿ ಪ್ರಯೋಗ! ಸಾಲಿಯಲ್ಲಿ ಕರ್ತರಿಯನ್ನು ಕರ್ಮಣಿ ಮಾಡಿಸುತ್ತೇವೆ. ನಮ್ಮ ಮಕ್ಕಳಿಗೆ ಉಲ್ಟಾ ಅಭ್ಯಾಸ ಹೆಚ್ಚು ಬೇಕು. ಕರ್ಮಣಿ ಕಂಡಲ್ಲಿ ‘ಯಾರಿಂದ?’ ಅಂತ ಕೇಳಿ, ಕರ್ತೃವನ್ನು ಹಿಡಿದು ತಂದು ವಾಕ್ಯದ ಮುಂದೆ ನಿಲ್ಲಿಸಬೇಕು. 1856ರ ತೀರ್ಮಾನವನ್ನೇ ಬೋರ್ಡಿನ ಮೇಲೆ ಬರೆದು ಈ ಅಭ್ಯಾಸ ಮಾಡಿಸಬಹುದು.

ಹಾಗೆಯೇ ಅರ್ಜಿಯ ಭಾಷೆ. ‘ಐ ಬೆಗ್ ಟು ಸ್ಟೇಟ್’, ‘ಯುವರ್ ಮೋಸ್ಟ್ ಒಬಿಡಿಯಂಟ್ ಸರ್ವೆಂಟ್’ ಅಂತ ಇನ್ನೂ ಬರೆಸುವ ಸಾಲಿಗಳಿವೆ. ಇದರಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಹಕ್ಕಿನ ಹಾಸ್ಟೆಲು, ಹಕ್ಕಿನ ಸ್ಕಾಲರ್‌ಶಿಪ್ಪು ಕೇಳುವ ಹುಡುಗಿ ಬೇಡುವ ಸೇವಕಿ ಯಾಕಾಗಬೇಕು? ‘ಐ ಆಮ್ ಎಂಟೈಟಲ್ಡ್ ಟು’ ಅಂತ ಬರೆಯುವುದನ್ನು ಕಲಿಸಿರಿ. ಅದೂ ಶುದ್ಧ ಇಂಗ್ಲಿಷೇ.

ಇಂಗ್ಲಿಷನ್ನು ದೇವರು ಮಾಡಿದವರೂ ಇದ್ದಾರೆ. ಉತ್ತರ ಪ್ರದೇಶದ ಬಂಕಾ ಎಂಬ ಹಳ್ಳಿಯಲ್ಲಿ 2010ರಲ್ಲಿ ದಲಿತರು ಇಂಗ್ಲಿಷ್ ದೇವಿಯ ಗುಡಿಗೇ ಅಡಿಪಾಯ ಹಾಕಿದರು. ಅವರ ಹಸಿವು ನನಗೆ ಅರ್ಥವಾಗುತ್ತದೆ. ಆದರೂ ಗುಡಿಗಿಂತ ಕಮ್ಮಾರನ ಕುಲುಮೆ ನಮಗೆ ಹತ್ತಿರ. ಕುಡುಗೋಲಿಗೆ ಯಾರೂ ಕೈ ಮುಗಿದು ಸುಮ್ಮನೆ ಕೂಡ್ರುವುದಿಲ್ಲ, ಹದ ಹಾಕಿಸಿ ಹೊಲಕ್ಕೆ ಒಯ್ಯುತ್ತಾರೆ.

ಆದ್ದರಿಂದ ಮಾಸ್ತರರಲ್ಲಿ ಕೇಳುವುದು ಮೂರು. ತಪ್ಪಿಗೆ ನಗುವುದನ್ನು ತರಗತಿಯಲ್ಲಿ ನಿಲ್ಲಿಸಿರಿ. ನಗುವಿಗೆ ಹೆದರಿದ ಮಗು ಬಾಯಿ ತೆರೆಯುವುದಿಲ್ಲ, ಬಾಯಿ ತೆರೆಯದೆ ಭಾಷೆ ಬರುವುದಿಲ್ಲ. ಪ್ರತಿ ತಪ್ಪನ್ನೂ ಮಗುವಿನ ಸ್ವಂತ ಕನ್ನಡದ ಪಕ್ಕದಲ್ಲಿಟ್ಟು ತಿದ್ದಿರಿ, ಪುಸ್ತಕದ ಕನ್ನಡದ ಪಕ್ಕದಲ್ಲಲ್ಲ. ವಾರಕ್ಕೊಂದು ನಿಜವಾದ ಕಾಗದ, ಬ್ಯಾಂಕಿನದೋ ತಹಶೀಲ್ದಾರ ಕಚೇರಿಯದೋ, ತಂದು ಓದಿಸಿರಿ. ಧಾರವಾಡದ ಹುಡುಗನ ಅರ್ಜಿಗೆ ಬಂದ ಉತ್ತರದಂಥ ಉತ್ತರ ಇನ್ನೊಮ್ಮೆ ಬಂದಾಗ, ಅದರಲ್ಲಿ ಕರ್ತೃ ಎಲ್ಲಿ ಅಡಗಿದ್ದಾನೆಂದು ಕೇಳುವ ಮಕ್ಕಳು ಗಜೇಂದ್ರಗಡದ ನೇಕಾರರ ಓಣಿಯಲ್ಲಿ, ರೋಣದ, ನರಗುಂದದ ಕೇರಿಗಳಲ್ಲಿ ಇರಬೇಕು.