ಓಕ್ ಮರದ ಊರಿನಿಂದ ಮಂಗಳೂರು ಹೆಂಚಿನವರೆಗೆ: ಒಂದು ಅಡ್ಡಹೆಸರಿನ ಪಯಣ

ಅರಸೀಕೆರೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್. ಹರಪನಹಳ್ಳಿ ತಾಲ್ಲೂಕಿನಲ್ಲೂ ಒಂದು ಅರಸೀಕೆರೆ ಇದೆ ಎಂಬುದನ್ನು ಅಲ್ಲಿನವರು ಪ್ರತಿ ಸಲವೂ ಬಿಡಿಸಿ ಹೇಳಬೇಕು. ಈ ಊರಿನವರೊಬ್ಬರು ಹುಬ್ಬಳ್ಳಿಗೋ ಗದಗಕ್ಕೋ ಹೋಗಿ ನೆಲೆಸಿದರೆ, ಆ ಕಡೆಯ ರೂಢಿಯಂತೆ, ಒಂದೆರಡು ತಲೆಮಾರಿನಲ್ಲಿ ಊರಿನ ಹೆಸರೇ ಅವರ ಅಡ್ಡಹೆಸರಾಗಬಹುದು. ಹರಪನಹಳ್ಳಿ, ಕೊಟ್ಟೂರು, ಹಡಗಲಿಗಳಿಂದ ಹೊರಟವರೂ ಹೀಗೆ ಊರನ್ನು ಹೆಸರಿಗೆ ಕಟ್ಟಿಕೊಂಡೇ ಹೋದವರು. ನೂರು ವರ್ಷದ ನಂತರ ಆ ಮನೆಯ ಮರಿಮಗನನ್ನು 'ನಿಮ್ಮದು ಯಾವ ಅರಸೀಕೆರೆ?' ಎಂದು ಕೇಳಿದರೆ ಅವನಿಗೆ ಉತ್ತರ ಗೊತ್ತಿರುತ್ತದೆಯೆ?

ಅಡ್ಡಹೆಸರು ನಮ್ಮ ಬೇರನ್ನು ಎಷ್ಟರಮಟ್ಟಿಗೆ ಹೇಳುತ್ತದೆ ಎಂಬುದು ಕುತೂಹಲದ ಪ್ರಶ್ನೆ. ಉತ್ತರಕ್ಕಾಗಿ, ಸ್ಪೇನ್ ದೇಶದ ಒಂದು ಸಣ್ಣ ಊರಿನಿಂದ ಹೊರಟು ನಮ್ಮ ಕರಾವಳಿಯನ್ನು ಸೇರಿರುವ ಒಂದು ಹೆಸರಿನ ಜಾಡು ಹಿಡಿದು ಹೋಗಬಹುದು. ಆ ಹೆಸರು ಅಲ್ಬುಕರ್ಕ್. ಮಂಗಳೂರಿನ ಕ್ರೈಸ್ತ ಮನೆತನಗಳಲ್ಲಿ ಇಂದಿಗೂ ಕೇಳಿಬರುವ ಹೆಸರು ಇದು.

ಸ್ಪೇನಿನ ಪಶ್ಚಿಮಕ್ಕೆ, ಪೋರ್ಚುಗಲ್ ಗಡಿಗೆ ಹತ್ತಿರದಲ್ಲಿ, ಬಡಾಹೋಸ್ ಪ್ರಾಂತ್ಯದಲ್ಲಿ ಅಲ್ಬುರ್ಕೆರ್ಕೆ ಎಂಬ ಊರಿದೆ. ಬೆಟ್ಟದ ನೆತ್ತಿಯಲ್ಲೊಂದು ಕೋಟೆ, ಅದರ ಬುಡದಲ್ಲಿ ಊರು. ಸುತ್ತಲೂ ಬೆಂಡು ಕೊಡುವ ಓಕ್ ಮರಗಳ ಸೀಮೆ. ಲ್ಯಾಟಿನ್ ಭಾಷೆಯಲ್ಲಿ 'ಬಿಳಿಯ ಓಕ್' ಎಂಬ ಮಾತಿನಿಂದ ಈ ಹೆಸರು ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅರಬ್ಬಿ ಮೂಲವನ್ನು ಹೇಳುವವರೂ ಇದ್ದಾರೆ. ಅಂತೂ ನಮ್ಮ ಬೇವಿನಹಳ್ಳಿ, ಆಲದಹಳ್ಳಿಗಳಂತೆ ಅದೂ ಮರದಿಂದ ಹೆಸರು ಪಡೆದ ಊರು.

ಈ ಊರಿನ ಹೆಸರು ಮನೆತನದ ಹೆಸರಾದದ್ದು ಒಂದು ಮದುವೆಯಿಂದ. ಪೋರ್ಚುಗಲ್ಲಿನ ದೊರೆ ದಿನಿಸ್‌ಗೆ ವಿವಾಹದ ಹೊರಗೆ ಹುಟ್ಟಿದ ಮಗ ಅಫೊನ್ಸೊ ಸಾಂಚೆಸ್. ಅವನು ಕೈಹಿಡಿದ ತೆರೇಸಾಳ ತವರಿನ ಆಸ್ತಿ ಈ ಅಲ್ಬುರ್ಕೆರ್ಕೆ. ಹೆಂಡತಿಯ ಕಡೆಯಿಂದ ಬಂದ ಊರಿನ ಹೆಸರನ್ನು ಅವರ ಮಗ ಧರಿಸಿದ. ಆ ಮಗ ಮುಂದೆ 14ನೆಯ ಶತಮಾನದಲ್ಲಿ ಕಾಸ್ಟೀಲಿನ ಆಸ್ಥಾನದಲ್ಲಿ ಪ್ರಬಲ ಮಂತ್ರಿಯೂ ಆದ. ಹೀಗೆ ಮೊದಲ ಹೆಜ್ಜೆಯಲ್ಲೇ ಈ ಹೆಸರು ಅಪ್ಪನ ವಂಶದ್ದಲ್ಲ.

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯಕರ. ಗೋವೆಯನ್ನು ಗೆದ್ದ ಅಫೊನ್ಸೊ ದೆ ಅಲ್ಬುಕರ್ಕ್‌ನ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅವನ ಅಜ್ಜನ ಮನೆತನದ ಹೆಸರು ಗೊಮಿದೆ. ಆ ಅಜ್ಜ ತನ್ನ ಹೆಂಡತಿಯನ್ನೇ ಕೊಂದು ಮರಣದಂಡನೆಗೆ ಗುರಿಯಾದ. ತಂದೆಯ ಹೆಸರು ಕಳಂಕಿತವಾದಾಗ ಮಕ್ಕಳು ಅದನ್ನು ಬಿಟ್ಟು, ಸತ್ತ ತಾಯಿಯ ಕಡೆಯ ಅಲ್ಬುಕರ್ಕ್ ಹೆಸರನ್ನು ಹಿಡಿದರು. ಭಾರತದ ಇತಿಹಾಸದಲ್ಲಿ ಪೋರ್ಚುಗೀಸ್ ದರ್ಪದ ಗುರುತಾಗಿ ಉಳಿದಿರುವ ಈ ಹೆಸರು ಹಾಗೆ ನೋಡಿದರೆ ಕೊಲೆಯಾದ ಹೆಂಗಸೊಬ್ಬಳ ನೆನಪು.

1510ರ ಹೊತ್ತಿಗೆ ಈ ಹೆಸರು ನಮ್ಮ ನೆಲಕ್ಕೆ ಬಂತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳಿಗೆ ಹಂಪಿ ದೂರವೇನಲ್ಲ. ಆ ವರ್ಷ ಅಫೊನ್ಸೊ ತನ್ನ ದೂತನಾಗಿ ಲೂಯಿಸ್ ಎಂಬ ಪಾದ್ರಿಯನ್ನು ಅಲ್ಲಿಗೆ, ಕೃಷ್ಣದೇವರಾಯನ ಆಸ್ಥಾನಕ್ಕೆ ಕಳುಹಿಸಿದ. ರಾಯನಿಗೆ ಬೇಕಾಗಿದ್ದುದು ಹೊರ್ಮುಜ್‌ನ ಮೂಲಕ ಹಡಗಿನಲ್ಲಿ ಬರುತ್ತಿದ್ದ ಅರಬ್ಬಿ ಕುದುರೆಗಳು. ಅಫೊನ್ಸೊನಿಗೆ ಬೇಕಾಗಿದ್ದುದು ಭಟ್ಕಳದಲ್ಲೊಂದು ಕೋಟೆ ಮತ್ತು ಶತ್ರುಗಳ ವಿರುದ್ಧ ಬೆಂಬಲ. ಅದೇ ವರ್ಷ ಹೊನ್ನಾವರದ ತಿಮ್ಮಯ್ಯನ ನೆರವಿನಿಂದ ಅವನು ಗೋವೆಯನ್ನು ಹಿಡಿದ. ಕೆಲವೇ ತಿಂಗಳಲ್ಲಿ ಕಳೆದುಕೊಂಡು, ನವೆಂಬರ್ 25ರಂದು ಮತ್ತೆ ಗೆದ್ದ. 1515ರ ಡಿಸೆಂಬರಿನಲ್ಲಿ, ಗೋವೆಯ ದಡ ಕಾಣುತ್ತಿರುವಂತೆ ಹಡಗಿನಲ್ಲೇ ಸತ್ತ.

ಹಾಗಾದರೆ ಮಂಗಳೂರಿನ ಅಲ್ಬುಕರ್ಕರು ಇವನ ಸಂತತಿಯವರೆ? ಹೆಸರು ಕೇಳಿದ ಅನೇಕರು ಹಾಗೆಯೇ ತಿಳಿಯುತ್ತಾರೆ. 'ನೀವು ಪೋರ್ಚುಗೀಸರೆ?' ಎಂದು ನೇರವಾಗಿ ಕೇಳುವವರೂ ಉಂಟು. ಆದರೆ ನಡೆದದ್ದು ಬೇರೆ. ಗೋವೆಯಲ್ಲಿ ಮತಾಂತರವಾದವರಿಗೆ ದೀಕ್ಷಾಸ್ನಾನದ ದಿನ ಹೊಸ ಹೆಸರು ಕೊಡುತ್ತಿದ್ದರು. ಜೊತೆಗೆ ನಿಂತ ಧರ್ಮಪಿತನ ಅಡ್ಡಹೆಸರು, ಇಲ್ಲವೇ ದೀಕ್ಷೆ ಕೊಟ್ಟ ಪಾದ್ರಿಯ ಅಡ್ಡಹೆಸರು ಆ ಮನೆಗೆ ಅಂಟಿಕೊಳ್ಳುತ್ತಿತ್ತು. ಡಿಸೋಜ, ಪಿಂಟೊ, ಲೋಬೊ, ನೊರೊನ್ಹ ಮುಂತಾದ ಹೆಸರುಗಳೆಲ್ಲ ಬಹುಪಾಲು ಹೀಗೆಯೇ ಬಂದವು. ಬದಲಾದದ್ದು ಹೆಸರು. ಮನೆಯ ಮಾತು ಕೊಂಕಣಿಯಾಗಿಯೇ ಉಳಿಯಿತು, ತಟ್ಟೆಯಲ್ಲಿ ಅದೇ ಅನ್ನ, ಅದೇ ಮೀನು.

ಆ ಮೇಲೆ ಈ ಜನ ಗುಂಪುಗುಂಪಾಗಿ ದಕ್ಷಿಣಕ್ಕೆ ಬಂದರು. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಮತವಿಚಾರಣೆಯ ನ್ಯಾಯಾಲಯ ಹೊಸ ಕ್ರೈಸ್ತರ ಹಳೆಯ ಆಚರಣೆಗಳನ್ನು ಹುಡುಕಿ ಶಿಕ್ಷಿಸುತ್ತಿತ್ತು. ಜೊತೆಗೆ ಬರ, ರೋಗರುಜಿನ, 1683ರಲ್ಲೂ 1730ರ ದಶಕದ ಕೊನೆಗೂ ನಡೆದ ಮರಾಠರ ದಾಳಿಗಳು. ಕೆಳದಿಯ ಅರಸರಿಗೆ ಬಂಜರು ನೆಲ ಹಸನು ಮಾಡುವ ಕೈಗಳು ಬೇಕಿದ್ದವು, ಇವರಿಗೆ ನೆಲ ಬೇಕಿತ್ತು. ಹೀಗೆ ಮಂಗಳೂರು, ಉಡುಪಿ ಸೀಮೆಯಲ್ಲಿ ಇವರು ರೈತರಾಗಿ ಬೇರೂರಿದರು.

ಹೆಸರು ಮಾತ್ರ ಬೆನ್ನು ಬಿಡಲಿಲ್ಲ. ವಿಚಿತ್ರವೆಂದರೆ, ಪೋರ್ಚುಗೀಸರ ಕಾಟದಿಂದಲೇ ಊರು ಬಿಟ್ಟವರನ್ನು ಈ ಹೆಸರುಗಳು ಪೋರ್ಚುಗೀಸರ ಕಡೆಯವರೆಂದು ತೋರಿಸಿಕೊಡುತ್ತಿದ್ದವು. 1784ರಲ್ಲಿ ಟಿಪ್ಪು ಸುಲ್ತಾನನು, ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಕರಾವಳಿಯ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಉಳಿದವರು ಮರಳಿ ಬಂದು, ಕಳೆದುಹೋದ ಗದ್ದೆತೋಟಗಳ ನಡುವೆ ಹೊಸದಾಗಿ ಬದುಕು ಕಟ್ಟಿದರು.

ಇಷ್ಟಾದರೂ ಈ ಮನೆತನಗಳು ಒಂದನ್ನು ಕಾಪಾಡಿಕೊಂಡು ಬಂದವು. ಅದು ಮತಾಂತರಕ್ಕೂ ಹಿಂದಿನ ಹೆಸರು. ಇಗರ್ಜಿಯ ದಾಖಲೆಯಲ್ಲಿ ಇಲ್ಲದಿದ್ದರೂ ಹಿರಿಯರ ನೆನಪಿನಲ್ಲಿ ಪ್ರಭು, ಪೈ, ಶೆಣೈ, ಕಾಮತ, ನಾಯಕ ಎಂಬ ಹೆಸರುಗಳು ಉಳಿದವು. ಕೆಲವರು ಅದನ್ನು ಬಹಿರಂಗವಾಗಿಯೇ ಬಳಸಿದರು. ಇದಕ್ಕೆ ಒಳ್ಳೆಯ ನಿದರ್ಶನ ನಮ್ಮ ತಲೆಯ ಮೇಲೆಯೇ ಇದೆ.

ಹರಪನಹಳ್ಳಿ, ಹಡಗಲಿ ಕಡೆಯ ಹಳೆಯ ಮನೆಗಳೆಂದರೆ ಮಣ್ಣಿನ ಮಾಳಿಗೆಗಳು. ಬಯಲುಸೀಮೆಗೆ ಮಂಗಳೂರು ಹೆಂಚು ಬಂದದ್ದು ಆಮೇಲೆ, ಸರಕಾರಿ ಶಾಲೆ, ಕಚೇರಿ, ಬಂಗಲೆಗಳ ಜೊತೆಗೆ. ಹಳೆಯ ಹೆಂಚೊಂದನ್ನು ಇಳಿಸಿ ನೋಡಿದರೆ ಅದರ ಮೈಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುವುದು ಕಾಣುತ್ತದೆ. ಈ ಹೆಂಚನ್ನು 1860ರ ದಶಕದಲ್ಲಿ ಮೊದಲು ತಯಾರಿಸಿದವರು ಮಂಗಳೂರಿನ ಬಾಸೆಲ್ ಮಿಷನ್ನಿನ ಜರ್ಮನರು. ಅವರ ಬೆನ್ನಿಗೇ, 1868ರಲ್ಲಿ, ಹೆಂಚಿನ ಕಾರ್ಖಾನೆ ತೆರೆದ ಮೊದಲ ಭಾರತೀಯ ಉದ್ಯಮಿಯ ಹೆಸರು ಸೈಮನ್ ಅಲೆಕ್ಸ್ ವಾಸ್ ಅಲ್ಬುಕರ್ಕ್ ಪೈ.

ಕೊನೆಯ 'ಪೈ'ಯನ್ನು ಗಮನಿಸಿ. ಒಂದು ತುದಿಯಲ್ಲಿ ಸ್ಪೇನಿನ ಓಕ್ ಮರದ ಊರು, ಇನ್ನೊಂದು ತುದಿಯಲ್ಲಿ ಕೊಂಕಣಿ ಮನೆಯಂಗಳ. ನಡುವೆ ಮುನ್ನೂರು ವರ್ಷಗಳ ವಲಸೆ. ಇಷ್ಟನ್ನೂ ಒಬ್ಬ ಮನುಷ್ಯ ತನ್ನ ಸಹಿಯಲ್ಲಿ ಹೊತ್ತು ತಿರುಗುತ್ತಿದ್ದ.

ಇದೇ ಹೆಸರು ಪಶ್ಚಿಮಕ್ಕೂ ಹೋಯಿತು. ಬ್ರೆಜಿಲ್‌ನ ಪೆರ್ನಾಂಬುಕೊ ಪ್ರಾಂತ್ಯಕ್ಕೆ 16ನೆಯ ಶತಮಾನದಲ್ಲಿ ಹೋದ ಜೆರೋನಿಮೊ ದೆ ಅಲ್ಬುಕರ್ಕ್‌ಗೆ ಅಲ್ಲಿನ ಮೂಲನಿವಾಸಿ ನಾಯಕನ ಮಗಳಿಂದಲೂ ಇತರರಿಂದಲೂ ಎಷ್ಟು ಮಕ್ಕಳಾದರೆಂದರೆ, ಅವನನ್ನು 'ಪೆರ್ನಾಂಬುಕೊದ ಆದಮ' ಎಂದೇ ಕರೆದರು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಇದೇ ಹೆಸರಿನ ದೊಡ್ಡ ನಗರವಿದೆ. 1706ರಲ್ಲಿ ಅದನ್ನು ಸ್ಥಾಪಿಸಿದಾಗ ಸ್ಪೇನಿನ ವೈಸ್‌ರಾಯ್ ಆಗಿದ್ದ ಅಲ್ಬುರ್ಕೆರ್ಕೆಯ ಡ್ಯೂಕನ ಗೌರವಾರ್ಥ ಆ ಹೆಸರಿಟ್ಟರು. ಕ್ರಮೇಣ ಒಂದು 'ರ'ಕಾರ ಉದುರಿಹೋಯಿತು. ಆ ಡ್ಯೂಕನಾದರೂ ಹಳೆಯ ಅಲ್ಬುಕರ್ಕ್ ಸಂತತಿಯ ಹೆಸರಿನವನಲ್ಲ. ಅವನ ಮನೆತನ ದೆ ಲಾ ಕ್ವೇವಾ. 1464ರಲ್ಲಿ ಕಾಸ್ಟೀಲಿನ ದೊರೆ ಆ ಮನೆತನಕ್ಕೆ ಊರನ್ನೂ ಪದವಿಯನ್ನೂ ದಾನ ಮಾಡಿದ್ದ.

ಹೆಂಡತಿಯ ಬಳುವಳಿಯಾಗಿ, ತಾಯಿಯ ನೆನಪಾಗಿ, ದೊರೆಯ ದಾನವಾಗಿ, ದೀಕ್ಷಾಸ್ನಾನದ ಉಡುಗೊರೆಯಾಗಿ ಒಂದು ಹೆಸರು ಭೂಮಿಯನ್ನೆಲ್ಲ ಸುತ್ತಿದೆ. ಇದರಲ್ಲಿ ನೇರ ರಕ್ತಸಂಬಂಧದ ದಾರಿ ಹುಡುಕುವವರಿಗೆ ನಿರಾಸೆಯೇ ಗತಿ. ಆದರೂ ಹೆಸರು ಕೇಳಿದಾಕ್ಷಣ 'ಇವರು ನಮ್ಮವರು, ಅವರು ಹೊರಗಿನವರು' ಎಂದು ತೀರ್ಮಾನಿಸುವ ಚಾಳಿ ನಮ್ಮಲ್ಲಿ ಹೋಗಿಲ್ಲ. ಬಾಡಿಗೆ ಮನೆ ಕೊಡುವಾಗ, ಕೆಲಸಕ್ಕೆ ಕರೆಯುವಾಗ, ಚುನಾವಣೆಯಲ್ಲಿ ಲೆಕ್ಕ ಹಾಕುವಾಗ ಮೊದಲು ನೋಡುವುದು ಅಡ್ಡಹೆಸರನ್ನೇ.

ಹರಪನಹಳ್ಳಿ ತಾಲ್ಲೂಕನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಮೂರು ಸಲ ವಿಳಾಸ ಬದಲಾದರೂ ಅರಸೀಕೆರೆಯ ರೈತ ಉಳುವ ಹೊಲ ಅದೇ, ಬಿತ್ತುವ ಬೀಜ ಅದೇ. ಹೆಸರಿನ ಹಲಗೆ ಬದಲಾದ ಮಾತ್ರಕ್ಕೆ ಅವನು ಬೇರೆ ಸೀಮೆಯವನಾಗಲಿಲ್ಲ. ಕರಾವಳಿಯ ಅಲ್ಬುಕರ್ಕನ ಮಾತೂ ಇಷ್ಟೇ. ಮುಂದೊಮ್ಮೆ ಅಪರಿಚಿತ ಅಡ್ಡಹೆಸರೊಂದು ಕಿವಿಗೆ ಬಿದ್ದರೆ, ಅವರು ಎಲ್ಲಿಯವರೆಂದು ನಾವೇ ಊಹಿಸುವ ಬದಲು, ಆ ಹೆಸರು ಅವರ ಮನೆಗೆ ಹೇಗೆ ಬಂತೆಂದು ಅವರನ್ನೇ ಕೇಳುವುದು ಮೇಲು.