ಕರಾರು, ಮುಂಗಡ, ಭೂಮಿ: ಎರಡು ಕಾದಂಬರಿಗಳಲ್ಲಿ ವಸಾಹತುಕಾಲದ ಜೀತ

ಗುಲಾಮಗಿರಿಯನ್ನು ರದ್ದು ಮಾಡಿದ ಬ್ರಿಟಿಷ್ ಸಂಸತ್ತಿನ 1833ರ ಕಾಯ್ದೆ ಮಾರಿಷಸ್‌ನಲ್ಲಿ ಜಾರಿಗೆ ಬಂದದ್ದು 1835ರ ಫೆಬ್ರವರಿ 1ರಂದು. ಕಲ್ಕತ್ತೆಯಿಂದ 36 ಕೂಲಿಗಳನ್ನು ಹೊತ್ತ ಅಟ್ಲಾಸ್ ಹಡಗು ಪೋರ್ಟ್ ಲೂಯಿಸ್ ಮುಟ್ಟಿದ್ದು ಅದಕ್ಕೂ ಮೊದಲು, 1834ರ ನವೆಂಬರ್ 2ರಂದು. ಗುಲಾಮರ ಬಿಡುಗಡೆಗೆ ಮುಂಚೆಯೇ ಅವರ ಜಾಗಕ್ಕೆ ಆಳು ಬಂದಾಗಿತ್ತು. ಇತಿಹಾಸಕಾರ ಹ್ಯೂ ಟಿಂಕರ್ 1974ರಲ್ಲಿ ಈ ಕರಾರು ಕೂಲಿ ಪದ್ಧತಿಯನ್ನು ಹೊಸ ಬಗೆಯ ಗುಲಾಮಗಿರಿ ಎಂದು ಕರೆದ ಮೇಲೆ ಇತಿಹಾಸಕಾರರ ಜಗಳ ಮುಗಿದಿಲ್ಲ. ಅದರಲ್ಲಿ ಪಕ್ಷ ವಹಿಸುವ ಉದ್ದೇಶ ನನಗಿಲ್ಲ. ಬಂಧನದ ಗಂಟು ಎಲ್ಲಿ ಬೀಳುತ್ತದೆಂದು ಕಾದಂಬರಿಗಳು ಕಾಣುತ್ತವೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಅಮಿತಾವ್ ಘೋಷ್ ಅವರ 'ಸೀ ಆಫ್ ಪಾಪೀಸ್' (2008) ಆ ಗಂಟನ್ನು ಹಡಗಿನಲ್ಲಿ ಕಾಣುತ್ತದೆ. 1838ರಲ್ಲಿ ಕಲ್ಕತ್ತೆಯಿಂದ ಮಾರಿಷಸ್‌ಗೆ ಹೊರಡುವ ಐಬಿಸ್ ಹಿಂದೆ ಆಫ್ರಿಕನ್ ಗುಲಾಮರನ್ನು ಸಾಗಿಸಿದ ನೌಕೆ; ಈಗ ಅದೇ ಒಡಲಲ್ಲಿ ಗಿರ್ಮಿಟಿಯಾಗಳು, ಅಂದರೆ ಕರಾರಿನ ಕೂಲಿಗಳು. ವಾದಿಸದೆಯೇ ವಾದ ಹೂಡುವ ಈ ಜಾಣ್ಮೆ ಮೆಚ್ಚುವಂಥದ್ದು. ಘಾಜಿಪುರದ ಅಫೀಮು ಹೊಲಗಳ ದೀತಿ, ಚಿತೆಯಿಂದ ಅವಳನ್ನು ಎಳೆದುತಂದ ಕಲುವಾ, ಜಮೀನು ಕಳೆದುಕೊಂಡು ಕೈದಿಯಾದ ನೀಲ್ ಒಂದೇ ಹಡಗಿನಲ್ಲಿ ಸಾಗುತ್ತಾರೆ. ಆದರೆ ಹಡಗಿನ ನಂಟಸ್ತಿಕೆಯನ್ನು ಘೋಷ್ ತುಸು ಹೆಚ್ಚೇ ನಂಬುತ್ತಾರೆ. ಜಾತಿ ಇಷ್ಟು ಸಲೀಸಾಗಿ ಕರಗುತ್ತದೆಯೇ? ಈ ಕಾದಂಬರಿ ತ್ರಿವಳಿಯ ಮುಂದಿನ ಎರಡು ಸಂಪುಟಗಳು ಕ್ಯಾಂಟನ್ ಮತ್ತು ಅಫೀಮು ಯುದ್ಧದತ್ತ ಹೊರಳುವುದರಿಂದ ಕಬ್ಬಿನ ಗದ್ದೆಯ ದುಡಿಮೆ ನೇಪಥ್ಯದಲ್ಲೇ ಉಳಿಯುತ್ತದೆ. ಆ ಗದ್ದೆಗೆ ಇಳಿದವರು ಮಾರಿಷಸ್‌ನವರೇ ಆದ ಅಭಿಮನ್ಯು ಅನತ್, ಹಿಂದಿಯ 'ಲಾಲ್ ಪಸೀನಾ'ದಲ್ಲಿ (1977).

ಶಿವರಾಮ ಕಾರಂತರ 'ಚೋಮನ ದುಡಿ' (1933) ಐತಿಹಾಸಿಕ ಕಾದಂಬರಿಯಲ್ಲ, ತನ್ನ ಕಾಲದ್ದೇ ಕಥೆ. ಆದರೂ ಅದನ್ನು ಘೋಷ್ ಪಕ್ಕದಲ್ಲಿಟ್ಟು ಓದಲು ಕಾರಣವಿದೆ. 1843ರ ಐದನೆಯ ಕಾಯ್ದೆ ಭಾರತದಲ್ಲಿ ಗುಲಾಮರನ್ನು ಬಿಡಿಸಲಿಲ್ಲ. ಒಡೆಯನ ಹಕ್ಕಿಗೆ ಕೋರ್ಟಿನ ಮಾನ್ಯತೆಯನ್ನು ಮಾತ್ರ ತೆಗೆಯಿತು. 1859ರ ಹದಿಮೂರನೆಯ ಕಾಯ್ದೆ ಬೇರೊಂದು ಹಗ್ಗ ಕೊಟ್ಟಿತು: ಮುಂಗಡ ಪಡೆದ ಆಳು ಕೆಲಸ ಬಿಟ್ಟು ಹೋದರೆ, ಮ್ಯಾಜಿಸ್ಟ್ರೇಟರ ಆದೇಶಕ್ಕೂ ಬಗ್ಗದಿದ್ದರೆ, ಮೂರು ತಿಂಗಳವರೆಗೆ ಸೆರೆ. ತೋಟದ ಮಾಲೀಕರಿಗೆ ಇದು ವರವಾಯಿತು. ಅದರ ರದ್ದತಿಗೆ ಕಾನೂನಾದದ್ದು 1925ರಲ್ಲಿ. ಕಾರಂತರ ಪುಸ್ತಕ ಬಂದದ್ದು ಎಂಟೇ ವರ್ಷಗಳ ನಂತರ. ಅಲ್ಲಿ ಕೋರ್ಟೂ ಇಲ್ಲ, ಸೆರೆಯೂ ಇಲ್ಲ. ಹೊಲೆಯ ಚೋಮನ ಸಾಲಕ್ಕೆ ಅವನ ಗಂಡುಮಕ್ಕಳಾದ ಚನಿಯ, ಗುರುವ ತೋಟದ ದುಡಿಮೆಗೆ ಘಟ್ಟ ಹತ್ತುತ್ತಾರೆ. ಚನಿಯ ಸಾಯುತ್ತಾನೆ, ಗುರುವ ಮರಳುವುದಿಲ್ಲ. ಕೊನೆಗೆ ಮಗಳು ಬೆಳ್ಳಿ ಹೋಗಬೇಕಾಗುತ್ತದೆ. ಅವಳ ಮೈಯ ಬೆಲೆಗೆ ಸಾಲ ತೀರುತ್ತದೆ. ಗಿರ್ಮಿಟಿಯಾನ ಕರಾರಿಗೆ ಕಾಗದವಿತ್ತು, ಅವಧಿಯಿತ್ತು. ಈ ಸಾಲ ತಲೆಯಿಂದ ತಲೆಗೆ ದಾಟುತ್ತದೆ.

ಎರಡೂ ಕಥೆಗಳು ನಿಜವಾಗಿ ಕವಲೊಡೆಯುವುದು ಭೂಮಿಯ ವಿಷಯದಲ್ಲಿ ಎಂದು ನನಗನ್ನಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಾರಿಷಸ್‌ನ ಸಕ್ಕರೆ ಎಸ್ಟೇಟುಗಳು ತಮ್ಮ ಅಂಚಿನ ಜಮೀನನ್ನು ತುಂಡು ತುಂಡಾಗಿ ಮಾರಿದವು. ಕರಾರು ಮುಗಿಸಿದ ಕೂಲಿಗಳೂ ಅವರ ಮಕ್ಕಳೂ ಅದನ್ನು ಕೊಂಡು ಸಣ್ಣ ಕಬ್ಬು ಬೆಳೆಗಾರರಾದರು. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ, ದಾರಿಯಂತೂ ಇತ್ತು. ಚೋಮನ ಬಳಿ ಎರಡು ಎತ್ತುಗಳಿವೆ, ಬೇಸಾಯದ ಹಂಬಲವಿದೆ. ಗೇಣಿಗೆ ಗದ್ದೆ ಸಿಗುವುದಿಲ್ಲ. ಹೊಲೆಯ ಬೇಸಾಯಗಾರನಾಗಬಾರದೆಂಬುದು ಯಾವ ಕಾಯ್ದೆಯಲ್ಲೂ ಬರೆದಿರಲಿಲ್ಲ, ಹಾಗಾಗಿ ಅದನ್ನು ರದ್ದು ಮಾಡುವ ಕಾಯ್ದೆಯೂ ಬರಲಿಲ್ಲ.